ಅಥೆಂಟಿಕ್ ಥಾವರಿಬಾಯಿ

ಥಾವರಿಬಾಯಿಯ ಮುಖ ಅದುವರೆಗೆ ಎರಡೇ ಸಲ ಅಚ್ಚಾಗಿತ್ತು. ಒಂದು ಆಧಾರ್ ಕಾರ್ಡಿನಲ್ಲಿ, ಇನ್ನೊಂದು ಓಟಿನ ಕಾರ್ಡಿನಲ್ಲಿ. ಎರಡರಲ್ಲೂ ಆಕೆ ಕಳವು ಮಾಡಿ ಸಿಕ್ಕಿಬಿದ್ದವಳ ಹಾಗೆ ಕಾಣುತ್ತಿದ್ದಳು. ಹೀಗಾಗಿ ಮಗ ಸೋಮನಾಥ ಒಂದು ಮಧ್ಯಾಹ್ನ ಮ್ಹಾಪಸಾದ ಪ್ರೆಸ್ಸಿನಿಂದ ರಟ್ಟಿನ ಡಬ್ಬಿ ತಂದು ಮುಂದಿಟ್ಟು, ಅದರೊಳಗಿಂದ ಒಂದು ಕಾರ್ಡು ತೆಗೆದು ಕೈಗೆ ಕೊಟ್ಟಾಗ, ಅದರಲ್ಲಿ ನಗುತ್ತಿದ್ದ ಹೆಂಗಸು ತಾನೇ ಎಂದು ತಿಳಿಯಲು ಆಕೆಗೆ ಸ್ವಲ್ಪ ಹೊತ್ತು ಹಿಡಿಯಿತು.

ದೀಪಾವಳಿಯ ದಿನ ತೆಗೆದ ಫೋಟೋ ಅದು. ಕನ್ನಡಿ ಬಿಲ್ಲೆಯ ಲಂಗ, ಕವಡೆ ಕಟ್ಟಿದ ಕುಪ್ಪಸ, ಮೊಣಕೈ ಮುಟ್ಟುವ ಬಿಳಿ ಬಳೆ, ಕಿವಿಯ ಪಕ್ಕ ಬೆಳ್ಳಿಯ ಜೋಲು, ಎಲ್ಲ ಇತ್ತು. ಕೆಳಗೆ ಬಂಗಾರದ ಬಣ್ಣದಲ್ಲಿ ಒಂದೇ ಒಂದು ಇಂಗ್ಲಿಷ್ ಪದ.

“ಇದೇನೋ ಸೋಮ್ಯಾ, ಬಂಗಾರದಾಗ ಏನ ಬರಸೀದಿ?”

“ಅಥೆಂಟಿಕ್ ಅಂತ, ಯಾಡಿ.”

ಯಾಡಿ ಅಂದರೆ ಲಂಬಾಣಿ ಮಾತಿನಲ್ಲಿ ತಾಯಿ. ವಿಜಯಪುರ ಕಡೆಯ ತಾಂಡಾ ಬಿಟ್ಟು ಗೋವಾಕ್ಕೆ ಬಂದು ಮೂವತ್ತು ವರ್ಷವಾಗಿತ್ತು. ಅವರಿದ್ದ ಚಾಳಿನ ಎಂಟು ಖೋಲಿಗಳಲ್ಲಿ ಆರು ಕನ್ನಡದವರವು. ಗೌಂಡಿಗಳು, ಬಂದರಿನ ಹಮಾಲರು, ಬೀಚಿನಲ್ಲಿ ಮಾಲು ಮಾರುವವರು. ಹಾಗಾಗಿ ಮನೆಯಲ್ಲಿ ಲಂಬಾಣಿ ಮಾತು ಉಳಿದದ್ದು ದೇವರ ಹಾಡಿನಲ್ಲಿ ಮತ್ತು ಈ ಯಾಡಿಯಲ್ಲಿ ಮಾತ್ರ. ಉಣ್ಣುವುದು, ಬೈಯುವುದು, ಕನಸು ಕಾಣುವುದು ಎಲ್ಲ ಕನ್ನಡದಲ್ಲಿ.

ಥಾವರಿಬಾಯಿ ನಕ್ಕುಬಿಟ್ಟಳು. ಅಥೆಂಟಿಕ್ ಎಂಬ ಮಾತು ಆಕೆಗೇನು ಹೊಸದೇ? ಕಲಂಗುಟ್ ಬೀಚಿನಲ್ಲಿ ಹೆಗಲ ಮೇಲೆ ಚೀಲ, ಶಾಲು ಹೊತ್ತು ತಿರುಗಿದ ಮೂವತ್ತು ವರ್ಷವೂ ಕೇಳಿದ್ದಳು. ಫಾರಿನ್ ಬಾಯಿಯರು ಚೀಲ ಎತ್ತಿಕೊಂಡು ಮೂಸಿ, ತಿರುಗಿಸಿ, “ಅಥೆಂಟಿಕ್?” ಎನ್ನುವರು. ಈಕೆ “ಯೆಸ್ ಮ್ಯಾಡಮ್, ಅಥೆಂಟಿಕ್” ಎನ್ನುವಳು. ನೋ ಅಂದರೆ ಗಿರಾಕಿ ಎದ್ದು ಹೋಗುತ್ತದೆ, ಯೆಸ್ ಅಂದರೆ ಕೂರುತ್ತದೆ. ಅದಕ್ಕಿಂತ ಹೆಚ್ಚಿನ ಅರ್ಥ ಬೇಕಾಗಿರಲಿಲ್ಲ. ಬೀಚಿನ ಪಕ್ಕದ ಖಾನಾವಳಿಯ ಹಲಗೆಯ ಮೇಲೂ ಅದೇ ಪದವಿತ್ತು, ಅಥೆಂಟಿಕ್ ಗೋವಾ ಮೀನಿನ ಊಟ ಎಂದು. ಒಳಗೆ ಮೀನು ಬೇಯಿಸುವವನು ನೇಪಾಳದವನು.

“ಖರೇ ಅರ್ಥ ಏನ ಅದರದು?” ಎಂದು ಕೇಳಿದಳು, ತನ್ನ ಮುಖದ ಕೆಳಗೆ ಬಂದದ್ದರಿಂದ.

ಒಲೆಯ ಮುಂದಿದ್ದ ಸೊಸೆ ಮೀನಾಕ್ಷಿ ರೊಟ್ಟಿ ತಿರುವಿ ಹಾಕುತ್ತ ಹೇಳಿದಳು, “ಅದ ಅರ್ಥ ಅತ್ತಿ. ಖರೇ. ಅಸಲಿ. ಡುಪ್ಲಿಕೇಟ್ ಅಲ್ಲದ್ದು.” ಮೀನಾಕ್ಷಿ ಪಿಯುಸಿ ಪಾಸಾದವಳು. ಮದುವೆಯಾಗಿ ಬಂದ ಎರಡು ವರ್ಷದಲ್ಲಿ ಆ ಮನೆಯ ಇಂಗ್ಲಿಷಿಗೆಲ್ಲ ಆಕೆಯೇ ಹೈಕೋರ್ಟು.

“ಅಂದ್ರ ಥಾವರಿಬಾಯಿ ಖರೇ ಅದಾಳ ಅಂತ ಬರದಾರ. ಇಷ್ಟ ದಿನ ಸುಳ್ಳ ಇದ್ನೇನು?”

ಮೂಲೆಯ ಮಂಚದಿಂದ ಗಂಡ ಸೋಮಲಪ್ಪ ಅರ್ಧ ಬಾಯಿಯಲ್ಲಿ ನಕ್ಕ. ಹೋದ ವರ್ಷ ಮಳೆಗಾಲ ಮುಗಿದ ಮೇಲೆ ಲಕ್ವಾ ಹೊಡೆದು ಆತನ ಎಡಭಾಗ ಬಿದ್ದುಹೋಗಿತ್ತು. ನಗುವೂ ಮಾತೂ ಬಲಗಡೆಯಿಂದ ಮಾತ್ರ ಬರುತ್ತಿದ್ದವು.

ಸೋಮನಾಥ ಕಾರ್ಡಿನ ಕಥೆ ಹೇಳಿದ. ಪಣಜಿ ಕಡೆಯ ಒಂದು ದೊಡ್ಡ ಹೋಟೆಲಿನೊಳಗೆ ಉಡುಗೊರೆ ಅಂಗಡಿಯಿದೆ. ಅದನ್ನು ನಡೆಸುವ ಬಾಯಿ ಮುನ್ನೂರು ಚೀಲ ಕೇಳಿದ್ದಾಳೆ. ಮೆಚ್ಚಿದರೆ ವರ್ಷವಿಡೀ ತಗೊಳ್ಳುತ್ತಾಳೆ. ಬೀಚಿಗೆ ಕಾಲಿಡುವ ಕೆಲಸವೇ ಇಲ್ಲ. ಒಂದೊಂದು ಚೀಲಕ್ಕೆ ಒಂದೊಂದು ಕಾರ್ಡು.

“ಮುನ್ನೂರ ಚೀಲ ಯಾರ ಹೊಲಿತಾರೋ? ತಾಂಡಾದ ಹೆಣ್ಮಕ್ಕಳ ಕಡೆ ಹೊಲಸಾಕತ್ತೀ ಏನು?”

“ಹೂಂ, ಹಂಗ ಅನ್ಕೋ,” ಎಂದು ಸೋಮನಾಥ ಕೈ ತೊಳೆಯಲು ಎದ್ದ.

ಥಾವರಿಬಾಯಿ ಹಂಗೇ ಅಂದುಕೊಂಡಳು. ಸಂಜೆ ಕಾರ್ಡು ಹಿಡಿದು ಚಾಳೆಲ್ಲ ತಿರುಗಿ ಬಂದಳು. ಪಕ್ಕದ ಖೋಲಿಯ ಹುಲಿಗೆವ್ವ, “ಇನ್ನ ನಮ್ಮನ್ನ ಮಾತಾಡಸ್ತಿಯೋ ಇಲ್ಲೋ!” ಎಂದು ಚಾ ಕುಡಿಸಿ ಕಳಿಸಿದಳು. ಎಷ್ಟೋ ದಿನದ ಮೇಲೆ ಥಾವರಿಬಾಯಿಗೆ ಮೈ ಹಗುರಾಗಿತ್ತು. ಕಾರ್ಡನ್ನು ಸಂತ ಸೇವಾಲಾಲರ ಫೋಟೋದ ಪಕ್ಕ, ಸ್ವಲ್ಪ ಕೆಳಗೆ, ಸಿಕ್ಕಿಸಿಟ್ಟಳು.

ಮಾಲು ಬಂದದ್ದು ಎಂಟು ದಿನದ ಮೇಲೆ. ಮಾಲು ಸಾಗಿಸುವ ನವೀದನ ಟೆಂಪೋದಿಂದ ಮೂರು ಗೋಣಿಚೀಲ ಇಳಿದವು. ಸೋಮನಾಥ ಮನೆಯಲ್ಲಿರಲಿಲ್ಲ. “ಸೂರತ್ತಿನ ಮಾಲು, ಹುಷಾರಿ ಖಾಲಾ, ನೀರ ತಗಲಬಾರದು,” ಎಂದು ಹೇಳಿ ನವೀದ ಗಾಡಿ ತಿರುಗಿಸಿದ.

ಸೂರತ್ತಿನಲ್ಲಿ ಯಾವ ತಾಂಡಾ ಇದೆ? ಥಾವರಿಬಾಯಿ ಒಂದು ಗೋಣಿಯ ಬಾಯಿ ಬಿಚ್ಚಿದಳು. ಮೇಲಿನ ಚೀಲ ತೆಗೆದು ಬೆಳಕಿಗೆ ಹಿಡಿದಳು. ಹಿಡಿದವಳು ಹಾಗೇ ಕುಳಿತುಬಿಟ್ಟಳು.

ಅದು ಆಕೆಯದೇ ಚೀಲ. ನೀಲಿ ನೆಲ, ನಡುವೆ ಚೌಕದೊಳಗೆ ಚೌಕ, ಅಂಚಿಗೆ ಏಣಿ ಹೊಲಿಗೆ, ನಾಲ್ಕು ಮೂಲೆಗೆ ನಾಲ್ಕು ಕನ್ನಡಿ. ಬಲ ಮೂಲೆಯ ಕೆಳಗಿನ ಕನ್ನಡಿಯ ಸುತ್ತ ಅರ್ಧ ಕೆಂಪು ದಾರ, ಅರ್ಧ ಹಸಿರು.

ಆ ಹಸಿರು ದಾರದ ಕಥೆ ಆಕೆಗಲ್ಲದೆ ಇನ್ಯಾರಿಗೆ ಗೊತ್ತು? ಸೋಮಲಪ್ಪ ದವಾಖಾನೆಯಲ್ಲಿ ಬಿದ್ದಿದ್ದ ಹನ್ನೊಂದು ದಿನ ಆಕೆ ಮಂಚದ ಪಕ್ಕ ನೆಲದ ಮೇಲೆ ಕೂತು ಆ ಚೀಲ ಹೊಲಿದಿದ್ದಳು. ಕೈ ಸುಮ್ಮನಿದ್ದರೆ ತಲೆಯಲ್ಲಿ ಕೆಟ್ಟ ವಿಚಾರ ಬರುತ್ತಿದ್ದವು. ಕೊನೆಯ ಕನ್ನಡಿಯ ಹೊತ್ತಿಗೆ ಕೆಂಪು ದಾರ ತೀರಿತ್ತು. ಬರುವಾಗ ಒಂದು ಲಡಿ ತಾ ಎಂದು ಮಗನಿಗೆ ಎರಡು ಸಲ ಹೇಳಿದ್ದಳು. ಅಂಗಡಿ ಮುಚ್ಚಿತ್ತು ಎಂದು ಆತ ಬರಿಗೈಯಲ್ಲಿ ಬಂದ. ಆವತ್ತು ಡಾಕ್ಟರು ಏನೂ ಹೇಳಲಾಗದು ಎಂದಿದ್ದರು. ಹೊಲಿಯದೆ ಇರಲು ಆಗಲಿಲ್ಲ. ಇದ್ದ ಹಸಿರನ್ನೇ ಸೂಜಿಗೆ ಹಾಕಿದಳು, ಮನೆಗೆ ಹೋದ ಮೇಲೆ ಬಿಚ್ಚಿ ಸರಿಮಾಡಿದರಾಯಿತು ಎಂದು. ಮಾಡುವಷ್ಟರಲ್ಲಿ ಸೋಮನಾಥ ಆ ಚೀಲವನ್ನು ಒಬ್ಬ ಫಾರಿನ್ ಬಾಯಿಗೆ ಮಾರಿದೆನೆಂದು ಹೇಳಿದ್ದ.

ಎರಡನೆಯ ಚೀಲ ತೆಗೆದಳು. ಅರ್ಧ ಕೆಂಪು, ಅರ್ಧ ಹಸಿರು. ಮೂರನೆಯದು, ಹತ್ತನೆಯದು, ಮೂವತ್ತನೆಯದು. ತನ್ನ ಆ ಒಂದು ದಿನದ ಭಯವನ್ನು ಯಾರೋ ಮುನ್ನೂರು ಸಲ ಹೊಲಿದು ಗೋಣಿಯಲ್ಲಿ ತುಂಬಿ ಕಳಿಸಿದ್ದರು. ಮಗುಚಿ ಒಳಮೈ ನೋಡಿದಳು. ಗಂಟಿಲ್ಲ, ಜೀವವಿಲ್ಲ, ಅಂಟು ಹಚ್ಚಿದ ಬಿಳಿ ಅರಿವೆ. ಮಶೀನು.

ಊಟಕ್ಕೆ ಸೋಮನಾಥ ಬಂದ. ರೊಟ್ಟಿ, ಪುಂಡಿಪಲ್ಯ, ಹುರಿದ ಒಣ ಸೀಗಡಿ. ಆತ ಎರಡನೆಯ ರೊಟ್ಟಿ ಮುರಿಯುವವರೆಗೆ ಥಾವರಿಬಾಯಿ ಕಾದಳು. ಹಸಿದವನ ಸಂಗಡ ಜಗಳ ಆಡಬಾರದು ಎಂಬುದು ಆಕೆಯ ಪದ್ಧತಿ. ಆಮೇಲೆ ಚೀಲ ತಂದು ಆತನ ತಾಟಿನ ಪಕ್ಕ ಇಟ್ಟಳು.

“ಫಾರಿನ್ ಬಾಯಿ ಸೂರತ್ತಿನ್ಯಾಕಿ ಏನೋ?”

ಸೋಮನಾಥನ ಕೈ ನಿಂತಿತು. “ಗೋಣಿ ಯಾಕ ಬಿಚ್ಚೀದಿ?”

“ನನ್ನ ಮನ್ಯಾಗ ಬಂದ ಗೋಣಿ. ಕೇಳಿದ್ದಕ್ಕ ಹೇಳು.”

“ಮಾದರಿ ಅಂತ ಕಳಿಸಿದ್ನಿ. ಅದರಾಗೇನ ತಪ್ಪು? ಚಲೋ ಇತ್ತು ಅಂತನ ಕಳಿಸಿದ್ನಿ.”

“ಮಾರೇನಿ ಅಂತ ನನಗ ಹೇಳೀದಿ.”

“ಹೇಳಿದ್ರ ಕೊಡತಿದ್ದೇನು?”

“ಇಲ್ಲ.”

“ಅದಕ್ಕ ಹೇಳಲಿಲ್ಲ.” ಸೋಮನಾಥ ತಾಟು ಸರಿಸಿದ. “ಯಾಡಿ, ಒಂದ ಚೀಲಕ್ಕ ನಿನಗ ಹನ್ನೆರಡ ದಿನ ಬೇಕು. ಮುನ್ನೂರಕ್ಕ ಹತ್ತ ವರ್ಷ. ಹೋಟೆಲಿನ ಬಾಯಿ ಹತ್ತ ವರ್ಷ ಕಾಯತಾಳೇನು? ಮಂದಿ ಎಲ್ಲಾ ಇದನ್ನ ಮಾರಾಕತ್ತಾರ. ಬೀಚಿನ ಮ್ಯಾಲೆ ಹೋಗಿ ನೋಡು, ಒಂದರ ಕೈಹೊಲಿಗೆ ಐತೇನು?”

“ಮಂದಿ ಬೇಕಾದ್ದ ಮಾರಲಿ. ಮಂದಿ ಮುಖ ಅದರ ಮ್ಯಾಲಿಲ್ಲ. ನನ್ನ ಮುಖ ಐತಿ. ಖರೇ ಅಂತ ಬರಸೀದಿ.”

“ಒಂದ ಮಾತ ಅದು! ಮಾರಾಟದ ಮಾತು! ಮೂವತ್ತ ವರ್ಷ ನೀನ ಯೆಸ್ ಯೆಸ್ ಅಂದಿಲ್ಲೇನು?”

ಈ ಪೆಟ್ಟು ಥಾವರಿಬಾಯಿಗೆ ಸರಿಯಾಗಿ ತಗುಲಿತು. ಅಂದದ್ದು ನಿಜವೇ. ಆದರೆ ಆಗ ಹೆಗಲ ಮೇಲಿದ್ದ ಮಾಲು ಕೈಯಲ್ಲಿ ಹೊಲಿದದ್ದು. ಅರ್ಥ ತಿಳಿಯದೆ ನಿಜವನ್ನೇ ಹೇಳಿದ್ದಳು. ಈಗ ಅರ್ಥ ತಿಳಿದು ಸುಳ್ಳು ಹೇಳಬೇಕಿತ್ತು.

ಹೋಟೆಲಿನ ಬಾಯಿ ಮುಂದಿನ ತಿಂಗಳು ಮನೆಗೇ ಬರುತ್ತಾಳಂತೆ. ಹೊಲಿಯುವ ಕೈಯನ್ನು ಕಣ್ಣಾರೆ ನೋಡಬೇಕಂತೆ. ಥಾವರಿಬಾಯಿ ಫೋಟೋದಲ್ಲಿದ್ದ ಅರಿವೆ ತೊಟ್ಟು, ಸೂಜಿ ಹಿಡಿದು ಕೂರಬೇಕು, ಕೇಳಿದರೆ ತಲೆಯಾಡಿಸಬೇಕು. ಸೋಮನಾಥ ಇಷ್ಟನ್ನೂ ಆ ಊಟದಲ್ಲೇ ಹೇಳಿದ.

“ನಾ ಕುಂದರಂಗಿಲ್ಲ,” ಎಂದಳು ಥಾವರಿಬಾಯಿ.

“ಹಂಗಾರ ನಾ ಸಾಯೂತನಾ ಉಸುಕಿನಾಗ ಓಡತೀನಿ ಬಿಡು,” ಎಂದು ಆತ ಎದ್ದು ಹೋದ. ತಾಟಿನಲ್ಲಿ ಒಂದೂವರೆ ರೊಟ್ಟಿ ಉಳಿದಿತ್ತು. ಮೀನಾಕ್ಷಿ ಯಾರ ಮುಖವನ್ನೂ ನೋಡದೆ ಅದನ್ನು ಮುಚ್ಚಿಟ್ಟಳು.

ಮರುದಿನದಿಂದ ಥಾವರಿಬಾಯಿ ಉಪವಾಸ ಹೂಡಲಿಲ್ಲ. ಉಪವಾಸ ಹೂಡುವವರನ್ನು ಒಲಿಸುವುದು ಸುಲಭ. ಆಕೆ ಹೊತ್ತು ಹೊತ್ತಿಗೆ ಉಂಡಳು, ನೀರು ತುಂಬಿದಳು, ಗಂಡನ ಮೈ ಒರೆಸಿದಳು, ಪಾವು ಬ್ರೆಡ್ಡಿನವನ ಹಾರ್ನ್ ಕೇಳಿದರೆ ಓಡಿ ಹೋಗಿ ಪಾವು ತಂದಳು. ಹೊಲಿಗೆ ಮಾತ್ರ ಬಿಟ್ಟಳು. ಸೂಜಿ ಡಬ್ಬಿಯನ್ನು ಅಕ್ಕಿ ಡಬ್ಬಿಯ ಹಿಂದೆ ಇಟ್ಟು ಕೈ ಕಟ್ಟಿ ಬಾಗಿಲಲ್ಲಿ ಕೂತಳು. ಆ ಕೈಗಳು ಸುಮ್ಮನಿದ್ದದ್ದನ್ನು ಮದುವೆಯಾದಾಗಿನಿಂದ ಕಂಡಿರದ ಸೋಮಲಪ್ಪ, “ಥಾವರಿ, ಹೊಲಿ ಏನರ. ನನಗ ಅಂಜಿಕಿ ಬರತೈತಿ,” ಎಂದ. ಆಕೆ ಕಟ್ಟಿದ ಕೈ ಬಿಚ್ಚಲಿಲ್ಲ.

ತಾಯಿ ಮಗನ ನಡುವೆ ಮಾತೆಲ್ಲ ಮೀನಾಕ್ಷಿಯ ಮೂಲಕ ನಡೆಯಿತು. “ನಿನ್ನ ಗಂಡಗ ಹೇಳು, ಗ್ಯಾಸ್ ತೀರೇತಿ.” “ನಿಮ್ಮತ್ತಿಗ ಹೇಳು, ಗ್ಯಾಸ್ ತರಾಕ ನಾ ಇರ್ತೀನಿ, ಖರೇ ಇರಾಕ ಅವರಿರ್ತಾರ.” ಇಬ್ಬರೂ ಮೂರು ಮೊಳ ದೂರದಲ್ಲೇ ಕೂತಿರುತ್ತಿದ್ದರು. ಮೀನಾಕ್ಷಿ ಮೊದಮೊದಲು ಹೇಳಿದಳು. ಆಮೇಲೆ, “ನಾ ಏನ ಪೋಸ್ಟಮನ್ ಏನ್ರಿ?” ಎಂದು ಪಾತ್ರೆ ಕುಕ್ಕಿದಳು.

ಆಕೆಗೂ ಸಂಕಟವಿತ್ತು. ಕಾರ್ಡಿಗೆ ಆ ಪದ ಹೊಂದಿಸಿಕೊಟ್ಟವಳು ತಾನೇ. ಗಂಡ ಗೋಣಿಗಳನ್ನು ಬಿಚ್ಚಿ ಚೀಲಗಳಿಗೆ ಕಾರ್ಡು ಕಟ್ಟಲು ಹೇಳಿದ್ದ. ದಿನಾ ಮಧ್ಯಾಹ್ನ ಅತ್ತೆಯ ಎದುರಿಗೇ ಕೂತು ಅತ್ತೆಯ ಮುಖಕ್ಕೆ ತೂತು ಹಾಕಿ ದಾರ ಪೋಣಿಸಬೇಕಿತ್ತು. ಮೂರನೆಯ ದಿನ ಆಕೆ ಕಾರ್ಡಿನ ಡಬ್ಬಿ ಮುಚ್ಚಿ ಬಾಂಗಡೆ ಮೀನು ಹೆರೆಯಲು ಕೂತಳು. ಥಾವರಿಬಾಯಿ ನೀರಿನ ತಂಬಿಗೆ ತಂದು ಪಕ್ಕದಲ್ಲಿ ಕೂತಳು.

“ಮೀನಾ, ಆ ಮಾತ ಎಲ್ಲಿಂದ ಬಂತು?”

“ಯಾವ ಮಾತರಿ?”

“ಖರೇ ಅನ್ನೂ ಮಾತು. ಯಾರೋ ಒಬ್ಬ ಮೊದಲ ಅಂದಿರಬೇಕಲ್ಲ. ಯಾತಕ್ಕ ಅಂದಾ? ನಿನ್ನ ಫೋನಿನಾಗ ನೋಡು.”

ಮೀನಾಕ್ಷಿ ಕೈ ತೊಳೆದು ಸೆರಗಿಗೆ ಒರೆಸಿ ಫೋನು ತೆಗೆದಳು. ತುಟಿಯಲ್ಲೇ ಓದಿಕೊಂಡಳು. “ಗ್ರೀಕರು ಅಂತ ಹಳೇ ಕಾಲದ ಮಂದಿ ಮಾತಂತ್ರಿ ಇದು. ಅಲ್ಲಿಂದ ಲ್ಯಾಟಿನ್ನಿಗೆ ಹೋತು, ಅಲ್ಲಿಂದ ಫ್ರೆಂಚಿಗೆ, ಆಮ್ಯಾಲೆ ಇಂಗ್ಲಿಷಿಗೆ ಬಂತಂತ.”

“ನಮ್ಮಂಗ ಗುಳೇ ಬಂದದ್ದು ಅನ್ನು. ತನ್ನ ಊರಾಗಿದ್ದಾಗ ಏನಿತ್ತು ಅರ್ಥ?”

“ತನ್ನ ಕೈಯಾರೆ ಮಾಡಿದಾಂವ ಅಂತ ಐತ್ರಿ.” ಮೀನಾಕ್ಷಿಯ ದನಿ ಇಳಿಯಿತು. “ಒಬ್ಬರು ಹೇಳಿ ಮಾಡಿಸಿದ್ದಲ್ಲ. ತಾನ ಮುಂದಾಗಿ, ತನ್ನ ಕೈಲೆ ಮಾಡಿದಾಂವ.”

ಥಾವರಿಬಾಯಿ ತನ್ನ ಎರಡೂ ಅಂಗೈ ನೋಡಿಕೊಂಡಳು. ಬೆರಳ ತುದಿಗಳು ಸೂಜಿ ಚುಚ್ಚಿ ಚುಚ್ಚಿ ಒರಟಾಗಿದ್ದವು. ಎಲ್ಲಿಯದೋ ಊರಿನ ಜನ, ಎಂದೋ ಸತ್ತವರು, ತನ್ನಂಥವಳಿಗೂ ಒಂದು ಮಾತು ಇಟ್ಟಿದ್ದರು.

“ಇನ್ನೊಂದ ಐತ್ರಿ, ಆದ್ರ ಅದು ಕೆಟ್ಟದ್ದು. ಕೈಯಾರೆ ಕೊಲಿ ಮಾಡಿದಾವಗೂ ಅದ ಮೂಲದ ಮಾತ ಅಂತಿದ್ರಂತ.”

ಮಂಚದಿಂದ ಸೋಮಲಪ್ಪ ಗಂಟಲು ಕೆರೆದ. ಆತ ಮಾತಾಡುತ್ತಾನೆಂದರೆ ಎಲ್ಲರೂ ಕಾಯಬೇಕು, ಒಂದೊಂದು ಮಾತೂ ಏರಿ ಹತ್ತಿ ಬರಬೇಕು. “ಬರೋಬರಿ ಐತಿ. ಒಳ್ಳೇದ ಇರ್ಲಿ, ಕೆಟ್ಟದ್ದ ಇರ್ಲಿ. ಮಾಡಿದಾಂವ... ನಾ ಮಾಡೇನಿ ಅನ್ನಬೇಕು.”

ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಸೋಮನಾಥನಿಗೆ ಅದು ಕೇಳಿಸಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. “ಎಲ್ಲಾರೂ ಕೂಡಿ ನನಗ ಅನ್ನಾಕತ್ತೀರಿ, ಗೊತ್ತೈತಿ,” ಎಂದು ಬಿಟ್ಟ ಚಪ್ಪಲಿಯನ್ನೇ ಮತ್ತೆ ಮೆಟ್ಟಿಕೊಂಡು ಹೊರಟುಹೋದ.

ಹೀಗೇ ಎರಡು ವಾರ. ಬಾಯಿ ಬರುವ ದಿನ ಹತ್ತಿರವಾಗುತ್ತಿತ್ತು. ಸೋಮನಾಥ ಕೇಳಲಿಲ್ಲ, ತಾಯಿ ಹೇಳಲಿಲ್ಲ. ಅಷ್ಟರಲ್ಲಿ ಒಂದು ಶನಿವಾರ ಸಂಜೆ ಆತ ಕುಂಟುತ್ತ ಬಂದ. ಹೆಗಲ ಮೇಲೆ ಮಾಲಿರಲಿಲ್ಲ. ಪ್ಯಾಂಟು ಮೊಣಕಾಲಲ್ಲಿ ಹರಿದು ರಕ್ತ ಉಸುಕಿಗೆ ಅಂಟಿತ್ತು. ಬೀಚಿನಲ್ಲಿ ಮಾರುವವರನ್ನು ಹಿಡಿಯಲು ಪೊಲೀಸರ ಗಾಡಿ ಬಂದಿತ್ತು. ಎಲ್ಲರೂ ಓಡಿದರು. ಈತನೂ ಓಡಿದ, ಕಲ್ಲುಗಳ ಮೇಲೆ ಬಿದ್ದ. ಶಾಲು, ಸರ, ಚಾದರ ಎಲ್ಲ ಹೋದವು.

ಥಾವರಿಬಾಯಿ ನೀರು ಕಾಯಿಸಿ ತಂದು ಮಗನ ಕಾಲು ತೊಡೆಯ ಮೇಲೆ ಇಟ್ಟುಕೊಂಡಳು. ಉಸುಕು ತೊಳೆಯುವಾಗ ಆತ ಹಲ್ಲು ಕಚ್ಚಿದ.

“ಎಂಟ ವರ್ಷದಾಂವ ಇದ್ನಿ, ಯಾಡಿ,” ಎಂದ, ಎರಡು ವಾರದ ಮೇಲೆ ನೇರವಾಗಿ ಆಕೆಗೇ. “ನೀ ನನ್ನ ಕೈ ಹಿಡಕೊಂಡ ಓಡತಿದ್ದಿ. ಈಗ ಮೂವತ್ನಾಕು. ಇನ್ನೂ ಓಡಾಕತ್ತೇನಿ. ಇವತ್ತ ಬಿದ್ದಾಗ ಒಂದ ಸಣ್ಣ ಹುಡುಗಿ ನನ್ನ ನೋಡಿ ನಕ್ಕಳು. ನನಗ ಸಾಕಾಗೇತಿ.”

ಮಗನ ನೆತ್ತಿಯಲ್ಲಿ ನಾಲ್ಕಾರು ಬಿಳಿ ಕೂದಲು ಕಂಡವು. ಈತನನ್ನು ಉಸುಕಿಗೆ ಇಳಿಸಿದವಳು ತಾನೇ ಅಲ್ಲವೇ? ಗಾಯಕ್ಕೆ ಅರಿಷಿಣ ಮೆತ್ತುತ್ತ ಥಾವರಿಬಾಯಿ ಹೇಳಿದಳು:

“ಕುಂದರತೀನಿ. ಆ ಅರಿವಿ ತೊಟ್ಕೊಂಡ ಸೂಜಿ ಹಿಡದ ಕುಂದರತೀನಿ. ಆದ್ರ ಬಾಯಿ ತೆರಿಯಂಗಿಲ್ಲ. ಹೂಂ ಅನ್ನಂಗಿಲ್ಲ, ಊಹೂಂ ಅನ್ನಂಗಿಲ್ಲ.”

“ಅಷ್ಟ ಮಾಡು ಸಾಕು,” ಎಂದ ಸೋಮನಾಥ. ಆತನ ಕಣ್ಣು ತುಂಬಿತ್ತು. ಆಕೆಗೆ ಅನ್ನ ಸೇರಲಿಲ್ಲ.

ಹೋಟೆಲಿನ ಬಾಯಿ ಬಂದದ್ದು ಮಂಗಳವಾರ ಬೆಳಿಗ್ಗೆ. ಮೀನಾಕ್ಷಿ ನಸುಕಿನಲ್ಲೆದ್ದು ನೆಲ ಸಾರಿಸಿ, ಅತ್ತೆಗೆ ಲಂಗ ಉಡಿಸಿ, ಬಳೆ ಏರಿಸಿದ್ದಳು. ಚೀಲಗಳು ಗೋಡೆಗೆ ಸಾಲಾಗಿ ನಿಂತಿದ್ದವು, ಪ್ರತಿಯೊಂದರ ಕೊರಳಲ್ಲೂ ಥಾವರಿಬಾಯಿ ನಗುತ್ತಿದ್ದಳು. ನಡುವೆ ಚಾಪೆಯ ಮೇಲೆ ಕೂತ ಥಾವರಿಬಾಯಿ ಮಾತ್ರ ನಗುತ್ತಿರಲಿಲ್ಲ. ಕೈಯಲ್ಲಿ ಅರ್ಧ ಹೊಲಿದು ಬಿಟ್ಟಿದ್ದ ಒಂದು ಹಳೆಯ ತುಂಡು.

ಆ ಬಾಯಿ ಕೆಟ್ಟವಳಾಗಿದ್ದರೆ ಎಷ್ಟೋ ಅನುಕೂಲವಿತ್ತು. ಆಕೆ ಹಾಗಿರಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಬಂದಳು, ಕುರ್ಚಿ ಬೇಡವೆಂದು ಚಾಪೆಯ ಮೇಲೆ ಕೂತಳು, ಸೋಮಲಪ್ಪನಿಗೆ ಕೈ ಮುಗಿದಳು, ಮೀನಾಕ್ಷಿ ಕೊಟ್ಟ ಚಾ ಪೂರ್ತಿ ಕುಡಿದಳು. ಹಿಂದಿಯಲ್ಲಿ ಮೆಲ್ಲಗೆ ಮಾತಾಡಿದಳು. ಥಾವರಿಬಾಯಿಯ ಬೆರಳುಗಳನ್ನು ತನ್ನ ಕೈಯಲ್ಲಿ ತೆಗೆದುಕೊಂಡು ನೋಡಿ, “ಎಷ್ಟು ವರ್ಷದಿಂದ ಹೊಲಿಯುತ್ತೀರಿ ಅಮ್ಮಾ?” ಎಂದಳು.

“ಹಲ್ಲು ಬಂದಾಗಿನಿಂದ, ಮ್ಯಾಡಮ್,” ಎಂದು ಸೋಮನಾಥನೇ ಉತ್ತರ ಕೊಟ್ಟ. “ನಮ್ಮ ತಾಯಿ ಜಾಸ್ತಿ ಮಾತಾಡುವುದಿಲ್ಲ.” ಮಂಚದ ಮೇಲೆ ಸೋಮಲಪ್ಪ ಕೆಮ್ಮಿದ.

ಬಾಯಿ ಚೀಲಗಳನ್ನು ಒಂದೊಂದಾಗಿ ನೋಡತೊಡಗಿದಳು. ಮೂರು ನೋಡಿದಳು, ನಾಲ್ಕು ನೋಡಿದಳು. ಬಲ ಮೂಲೆಯ ಕನ್ನಡಿಯ ಮೇಲೆ ಆಕೆಯ ಬೆರಳು ನಿಂತಿತು.

“ಇದೇನು? ಎಲ್ಲದರಲ್ಲೂ ಈ ಒಂದು ಕನ್ನಡಿಗೆ ಮಾತ್ರ ಅರ್ಧ ಹಸಿರು ಇದೆಯಲ್ಲ?”

ಸೋಮನಾಥ ಒಂದು ಕ್ಷಣ ತಬ್ಬಿಬ್ಬಾದ. ಆದರೆ ಬಾಯಿ ಇದ್ದವ ಬರಗಾಲದಲ್ಲೂ ಬದುಕಿದನಂತೆ. ಬೀಚು ಆತನಿಗೆ ಕಲಿಸಿದ್ದು ಅದನ್ನೇ.

“ಅದು ನಮ್ಮ ಸಂಪ್ರದಾಯ ಮ್ಯಾಡಮ್. ಹಸಿರು ಅಂದರೆ ಭೂಮಿತಾಯಿ. ನಮ್ಮ ಹೆಂಗಸರು ಪ್ರತಿ ಚೀಲಕ್ಕೂ ಒಂದು ಕಣ್ಣು ಭೂಮಿತಾಯಿಗೆ ಅಂತ ಬಿಡುತ್ತಾರೆ. ನೂರಾರು ವರ್ಷದಿಂದ ಬಂದದ್ದು.”

ಬಾಯಿಯ ಮುಖ ಅರಳಿತು. “ಎಂಥಾ ಚೆಂದ! ಇದನ್ನು ಕಾರ್ಡಿನಲ್ಲಿ ಬರೆಯಲೇಬೇಕು. ಅಮ್ಮನ ಹೆಸರಿನಲ್ಲೇ ಬರೆಯೋಣ.” ಪರ್ಸಿನಿಂದ ಪುಟ್ಟ ಪುಸ್ತಕ ತೆಗೆದು ಥಾವರಿಬಾಯಿಯ ಕಡೆ ತಿರುಗಿದಳು. “ಈ ಪದ್ಧತಿ ನಿಮಗೆ ಯಾರು ಕಲಿಸಿದರು ಅಮ್ಮಾ? ನಿಮ್ಮ ತಾಯಿಯೇ?”

ಥಾವರಿಬಾಯಿ ಬಾಯಿ ತೆರೆಯುವುದಿಲ್ಲ ಎಂದು ಮಾತು ಕೊಟ್ಟಿದ್ದಳು. ಮಗನ ಮೊಣಕಾಲಿನ ಪಟ್ಟಿ ಎದುರಿಗೇ ಕಾಣುತ್ತಿತ್ತು. ಅದರಾಚೆ ಮಂಚದ ಮೇಲೆ ಗಂಡ. ಆಕೆಯ ತಾಯಿ ಸತ್ತು ಇಪ್ಪತ್ತು ವರ್ಷ. ಕೆಂಪು ಸುತ್ತಿನಲ್ಲಿ ಹಸಿರು ಹಚ್ಚಿದ್ದನ್ನು ಕಂಡಿದ್ದರೆ ಆ ತಾಯಿ ಬೆರಳ ಮೇಲೆ ಸೂಜಿಯಿಂದಲೇ ಚುಚ್ಚುತ್ತಿದ್ದಳು.

“ನಮ್ಮವ್ವ ಕಲಿಸಿಲ್ಲ,” ಎಂದಳು ತನ್ನ ಬಜಾರದ ಹಿಂದಿಯಲ್ಲಿ. “ಸಂಪ್ರದಾಯ ಅಲ್ಲ ಅದು, ಬಾಯಿ. ತಪ್ಪು.”

“ಯಾಡಿ,” ಎಂದ ಸೋಮನಾಥ.

“ಈ ನನ್ನ ಗಂಡ ದವಾಖಾನಿಯಾಗಿದ್ದ. ಉಳಿತಾನೋ ಇಲ್ಲೋ ಗೊತ್ತಿರಲಿಲ್ಲ. ಕೆಂಪ ದಾರ ತೀರಿತ್ತು. ಹಸಿರ ಹಾಕಿದ್ನಿ. ಆಮ್ಯಾಲೆ ಬಿಚ್ಚಬೇಕಂತಿದ್ನಿ, ಆಗಲಿಲ್ಲ.” ಆಕೆ ಒಂದು ಚೀಲ ಎತ್ತಿ ಮಗುಚಿದಳು, ಪಕ್ಕದಲ್ಲಿ ತನ್ನ ಕೈಯ ತುಂಡನ್ನೂ ಮಗುಚಿ ಇಟ್ಟಳು. “ಹಿಂದ ನೋಡು. ಇದು ನನ್ನ ಕೈ. ಇದು ಮಶೀನು. ಇಷ್ಟೂ ಮಶೀನು. ಇದರಾಗ ಆ ತಪ್ಪೊಂದ ನಂದು. ಅದು ನನ್ನ ಕೈಲೆ ಆದದ್ದು.”

ಹೊರಗೆ ಹುಲಿಗೆವ್ವ ನಲ್ಲಿಯ ಕೆಳಗೆ ಕೊಡ ಇಟ್ಟ ಸದ್ದು ಕೇಳಿಸಿತು. ಬಾಯಿ ಎರಡರ ಹಿಂಬದಿಯನ್ನೂ ನೋಡಿದಳು, ಬರೆದಿದ್ದ ಹಾಳೆಯನ್ನು ನೋಡಿದಳು, ಪುಸ್ತಕ ಮುಚ್ಚಿದಳು. ಸೋಮನಾಥನ ಕಡೆ ನೋಡಲಿಲ್ಲ. ಏಳುವಾಗ ಥಾವರಿಬಾಯಿಯ ಕೈ ಒಂದು ಸಲ ಒತ್ತಿ, “ಫೋನ್ ಮಾಡುತ್ತೇನೆ,” ಎಂದಳು. ಅದು ಮಾಡುವವರ ದನಿಯಲ್ಲ ಎಂದು ಎಲ್ಲರಿಗೂ ತಿಳಿಯಿತು.

ಗಾಡಿಯ ಸದ್ದು ದೂರವಾದ ಮೇಲೆ ಸೋಮನಾಥ ಸ್ಫೋಟಿಸಿದ. “ಆತಿಲ್ಲೋ? ಮನಸಿಗೆ ತಂಪಾತಿಲ್ಲೋ? ಮಗನ ಅನ್ನಕ್ಕ ಮಣ್ಣ ಹಾಕಿ ಖರೇ ಆದಿ!”

“ಹಾಕೇನಿ,” ಎಂದಳು ಥಾವರಿಬಾಯಿ. “ಬಾಯಿ ತೆರಿಯಂಗಿಲ್ಲ ಅಂದಿದ್ನಿ, ತೆರದ್ನಿ. ಅದೂ ನಾನ ಮಾಡೇನಿ. ಬಡಿತಿದ್ರ ಬಡಿ.”

“ಯಾರೋ ಹೊಲಿದ ಚೀಲದಾಗ ಒಂದ ಹಸಿರ ದಾರ! ಅದಕ್ಕ ಇಷ್ಟ ರಾಮಾಯಣ!”

“ಆ ದಾರಾನ ನೀ ಭೂಮಿತಾಯಿ ಮಾಡೀದಿ. ನಿಮ್ಮಪ್ಪ ಸಾಯಾಕ ಬಿದ್ದದ್ದನ್ನ ನೀ ಸಂಪ್ರದಾಯ ಮಾಡಿ ಮಾರಾಕ ಹೊಂಟಿದ್ದಿ, ಸೋಮ್ಯಾ.”

ಸೋಮನಾಥ ತಂದೆಯ ಕಡೆ ತಿರುಗಿದ. ಸೋಮಲಪ್ಪ ಅಳುತ್ತಿದ್ದ. ಕಣ್ಣೀರು ಮಾತ್ರ ಎರಡೂ ಕಡೆಯಿಂದ ಬರುತ್ತಿತ್ತು.

ಫೋನು ಬರಲಿಲ್ಲ. ಒಂದು ವಾರವಾಯಿತು, ಇನ್ನೊಂದಾಯಿತು. ಮೀನಾಕ್ಷಿ ಒಂದು ಮಧ್ಯಾಹ್ನ ಯಾರನ್ನೂ ಕೇಳದೆ ಕತ್ತರಿ ತಂದು ಮುನ್ನೂರು ಕಾರ್ಡುಗಳನ್ನೂ ಕತ್ತರಿಸಿ ತೆಗೆದಳು. ಗಂಡ ನೋಡುತ್ತ ನಿಂತ, ಬೇಡವೆನ್ನಲಿಲ್ಲ. ಶುಕ್ರವಾರ ಆತ ಒಂದು ಗೋಣಿ ಹೊತ್ತು ಮ್ಹಾಪಸಾ ಸಂತೆಗೆ ಹೋದ. ಮಶೀನಿನ ಚೀಲ ಎಂದೇ ಕೂಗಿ ಮಾರಿದನಂತೆ, ಪಕ್ಕದಲ್ಲಿ ಬೆಳ್ಳುಳ್ಳಿ ಮಾರಲು ಕೂತಿದ್ದ ಹುಲಿಗೆವ್ವ ಬಂದು ಹೇಳಿದಳು. ಮನೆಯಲ್ಲಿ ಮಾತ್ರ ತಾಯಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಥಾವರಿಬಾಯಿ ಸೂಜಿ ಡಬ್ಬಿ ತೆಗೆಯಲಿಲ್ಲ. ಸತ್ಯ ಹೇಳಿದ್ದಕ್ಕೆ ಸುಖ ಬಂತೇ? ಬಂದಿರಲಿಲ್ಲ. ಮಗನ ಕುಂಟು ಹೆಜ್ಜೆ ಕೇಳಿದಾಗಲೆಲ್ಲ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತಿತ್ತು.

ಮುಂದಿನ ಶುಕ್ರವಾರ ಸಂತೆಯಿಂದ ಸೋಮನಾಥ ಹೊತ್ತು ಮುಳುಗುವ ಮೊದಲೇ ಬಂದ. ಥಾವರಿಬಾಯಿ ರೊಟ್ಟಿ ಬಡಿಯುತ್ತಿದ್ದಳು. ಆತ ಕೈಕಾಲು ತೊಳೆದು ಒಲೆಯ ಎದುರಿಗೆ, ಹಿಟ್ಟಿನ ಪರಾತದ ಪಕ್ಕ ಕುಕ್ಕರಗಾಲಲ್ಲಿ ಕೂತ. ಹೆಗಲ ಚೀಲದಿಂದ ಒಂದು ದೊಡ್ಡ ಪುಡಿಕೆ ತೆಗೆದು ನೆಲದ ಮೇಲಿಟ್ಟ. ಕಾಗದ ತಾನಾಗಿ ಬಿಚ್ಚಿಕೊಂಡಿತು. ಒಂದು ಲಡಿ ಕೆಂಪು ದಾರ. ಅದರಡಿಗೆ ಮಡಿಚಿಟ್ಟ ನೀಲಿ ಚೀಲ, ಹಿಂಬದಿಯಲ್ಲಿ ಗಂಟುಗಳಿದ್ದದ್ದು. ಸೂರತ್ತಿನಿಂದ ಮಾದರಿ ತಿರುಗಿ ಬಂದಿತ್ತು. ಅಷ್ಟು ದಿನ ಆತ ಅದನ್ನು ಬಚ್ಚಿಟ್ಟಿದ್ದ.

ಥಾವರಿಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ಬಾಯಿ ಮುಂದ ನೀ ನಿನ್ನ ತಪ್ಪು ಅಂದಿ,” ಎಂದ ಸೋಮನಾಥ. ಮುಖ ಎತ್ತಲಿಲ್ಲ. “ದಾರ ತಾ ಅಂತ ನನಗ ಹೇಳಿದ್ದನ್ನ ಹೇಳಲಿಲ್ಲ.”

“ನಿನ್ನ ಹೆಸರ ಯಾಕ ತರಲಿ? ಸೂಜಿ ನನ್ನ ಕೈಯಾಗಿತ್ತು.”

“ಯಾಡಿ, ಆವತ್ತ ಅಂಗಡಿ ಮುಚ್ಚಿರಲಿಲ್ಲ.” ಆತ ದಾರದ ಲಡಿಯನ್ನು ಆಕೆಯ ಕಡೆ ಸರಿಸಿದ. “ನಾ ಹೋಗಲೇ ಇಲ್ಲ. ಬೀಚಿನ ಮ್ಯಾಲೆ ಗಿರಾಕಿ ಚಲೋ ಇದ್ವು. ಅಪ್ಪ ಹೋದಂಗನ ಅಂತ ತಿಳಿದ ದವಾಖಾನಿಗೆ ಬರಾಕ ಕಾಲ ಏಳವಲ್ದಾಗಿತ್ತು. ಅಲ್ಲೇ ಕುಂತ್ನಿ. ಮುಚ್ಚಿತ್ತು ಅಂತ ಸುಳ್ಳ ಹೇಳಿದ್ನಿ.”

ರೊಟ್ಟಿಯ ಸದ್ದು ನಿಂತಿತು. ಥಾವರಿಬಾಯಿ ಹಿಟ್ಟಿನ ಕೈಯನ್ನು ಹಾಗೇ ಮಗನ ತಲೆಯ ಮೇಲೆ ಇಟ್ಟಳು.

“ಗೊತ್ತಿತ್ತೋ,” ಎಂದಳು. “ಆವತ್ತ ನಿನ್ನ ಕಾಲಿಗೆ ಹಸಿ ಉಸುಕಿತ್ತು. ತಾಟ ತಗೋ, ರೊಟ್ಟಿ ಆರಾಕತ್ತಾವು.”